ಮೂಗಿಗೆ ಬರೆದ ಕಾಗದ

ತುಲಿಯೋನ ಮೂಗು ಸತ್ತದ್ದು ಕಳೆದ ಚಳಿಗಾಲ,
ಮೂರು ದಿನದ ಜ್ವರದಲ್ಲಿ.
ನಾಲ್ಕನೆಯ ದಿನ ಬಟ್ಟಲ ಮೇಲೆ ಬಾಗಿ
ಬಹಳ ಹೊತ್ತು ಹಾಗೇ ಇದ್ದ.
ಆಮೇಲೆ ಚಮಚ ಒರೆಸಿ ಜೇಬಿಗಿಳಿಸಿ
"ಬಿಸಿ ಇದೆ, ಓಂದೀನಾ. ಅಷ್ಟೇ ಗೊತ್ತಾಗುವುದು" ಎಂದ.

ಅಂದಿನಿಂದ ಒಂದು ಮೂಗು ಹುಡುಕುತ್ತಿದ್ದೇವೆ.
ತ್ರಿಯೆಸ್ತೆಯಲ್ಲಿ ಕಾಫಿ ಕುಡಿಯುವವರಿಗೆ ಬರವೇ?
ಗುಟುಕರಿಸಿ, ಉಗುಳಿ,
ನಿಜ ಹೇಳುವವರಿಗೆ ಬರ.

ಕಾಗದ ಟೈಪು ಮಾಡುವವಳು ನಾನು.
ಹತ್ತೊಂಬತ್ತು ವರ್ಷದಿಂದ ಈ ಹುರಿಮನೆಯ
ಸಂಬಳ, ರಜೆ, ಸಂತಾಪ
ಎಲ್ಲ ಹೊರಟದ್ದು ಈ ಬೆರಳುಗಳಿಂದಲೇ.

ಮೊದಲು ಬಂದವನು ಲೀವಿಯೋ.
ಏಳು ಬಟ್ಟಲಿಗೂ ಏಳು ಊರು ಹೇಳಿದ, ತಪ್ಪಿಲ್ಲದೆ.
ನಾವು ಮೀನ ಮೇಷ ಎಣಿಸಿದೆವು,
ಇನ್ನೊಬ್ಬರನ್ನು ನೋಡೋಣ, ಮತ್ತೊಬ್ಬರನ್ನು.
ಹನ್ನೊಂದನೆಯ ದಿನ ಕಾಗದ ಹೋಯಿತು.
ಐದನೆಯ ದಿನವೇ ಅವನು ಜಿನೋವಾದ ರೈಲು ಹತ್ತಿದ್ದ.

ಆಮೇಲೆ ನೆರೀನಾ.
"ನಮ್ಮದು ಕಂಪನಿಯಲ್ಲ, ಒಂದು ಕುಟುಂಬ"
ಎಂದು ಬರೆಸಿದರು ಧಣಿ ಫುಲ್ವಿಯೋ.
ಸಂಬಳದ ಜಾಗದಲ್ಲಿ "ಅನುಭವಕ್ಕೆ ತಕ್ಕಂತೆ".
ಅವಳ ಉತ್ತರ ಎರಡೇ ಸಾಲು:
ಕುಟುಂಬ ನನಗೆ ಮನೆಯಲ್ಲೇ ಇದೆ,
ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು.

ಯೆಲ್ಕಾ ಬಂದದ್ದು ಬೋರಾ ಗಾಳಿಯ ದಿನ,
ಕಾರ್ಸೋ ಗುಡ್ಡದಿಂದ, ಬೀದಿಯ ಹಗ್ಗ ಹಿಡಿದು ಹಿಡಿದು,
ಕೂದಲ ತುಂಬ ಸುಣ್ಣದ ದೂಳು.
ಮೂರನೆಯ ಬಟ್ಟಲಲ್ಲಿ ನಿಂತಳು.
"ಇದು ಹಡಗಿನ ತಳದಲ್ಲಿ ನೀರು ಕುಡಿದಿದೆ."
ಧಣಿ ಕೆಮ್ಮಿದರು.
ಅದೇ ಸರಕು ಹಿಂದಿನ ವಾರ
ನಲವತ್ತು ಮೂಟೆ, ಹೋಟೆಲೊಂದಕ್ಕೆ ಹೋಗಿತ್ತು.
ಅವಳು ಕೇಳಿದ್ದು ಒಂದೇ ಪ್ರಶ್ನೆ:
"ನಾನು ಬೇಡ ಅಂದ ಮೂಟೆ ವಾಪಸು ಹೋಗುತ್ತದೆಯೇ?"
ಅವರು ಊಟದ ಕೂಪನ್ ಬಗ್ಗೆ ಹೇಳಿದರು.
ಕಿಟಕಿಯಿಂದ ಕಾಣುವ ಸಮುದ್ರದ ಬಗ್ಗೆ ಹೇಳಿದರು.

"ಇನ್ನೂರು ಹೆಚ್ಚಿಗೆ ಹಾಕು" ಅಂದರು ಸಂಜೆ.
ಹಾಕಿದೆ. ಅವಳು ಬರಲಿಲ್ಲ.
"ಮತ್ತೆ ಇನ್ನೂರು."
ಹಾಕಿದೆ. ಉತ್ತರವೂ ಬರಲಿಲ್ಲ.
ಮೂರನೆಯ ಸಲ ಬೆರಳು ಎತ್ತಿ ಹಿಡಿದು ಕೂತೆ.
ಮೂಗಿಗೆ ತುಪ್ಪ ಸವರಿದರೆ, ಧಣಿಗಳೇ,
ಮೊದಲು ಗೊತ್ತಾಗುವುದು ಮೂಗಿಗೇ.
ಅದೂ ಅಂಥ ಮೂಗಿಗೆ.

ಅವರು ಏನೂ ಹೇಳದೆ ಒಳಗೆ ಹೋದರು.
ನಾನೇ ಬರೆದೆ, ಯಾರೂ ಹೇಳಿಕೊಡದೆ:
ಸಂಬಳ ಇಷ್ಟು, ಒಂದೇ ಅಂಕಿ, ಪೂರ್ತಿ.
ಬೆಳಿಗ್ಗೆ ಏಳಕ್ಕೆ ಕೆಲಸ, ಎರಡಕ್ಕೆ ಮುಗಿತಾಯ.
ದ್ರಾಕ್ಷಿ ಕೊಯ್ಲಿಗೆ ಆರು ದಿನ ರಜೆ
(ಅವಳ ಉಗುರಿನ ನೇರಳೆ ಕಲೆ ನೋಡಿದ್ದೆ).
ಶೌಚದ ಬಾಗಿಲ ಚಿಲಕ ಸರಿಯಿಲ್ಲ, ರಿಪೇರಿ ಆಗಲಿದೆ.
ಕೊನೆಗೆ:
ನೀವು ಬೇಡ ಅಂದ ಮೂಟೆ ಬಂದರಿಗೆ ವಾಪಸು.
ಅದರ ಮೇಲೆ ಧಣಿಯ ಮಾತೂ ನಡೆಯದು.

ಕಾಗದ ಮೇಜಿನ ಮೇಲಿತ್ತು, ಮಧ್ಯಾಹ್ನವೆಲ್ಲ.
ಗಾಜಿನಾಚೆ ಅವರು ಲೆಕ್ಕ ಹಾಕುವುದು ಕಾಣುತ್ತಿತ್ತು,
ನಲವತ್ತು ಮೂಟೆ, ಲಾರಿ ಬಾಡಿಗೆ, ಹೋಟೆಲಿನವನ ಮುಖ.
ಕತ್ತಲಾಗುವ ಹೊತ್ತಿಗೆ ಸಹಿ ಬಿತ್ತು,
ಒತ್ತಿ ಹಾಕಿದ ಸಹಿ,
ಹಿಂಬದಿಯಲ್ಲಿ ಕೈಗೆ ಸಿಗುವಷ್ಟು.
ಲಾರಿಗೆ ಫೋನು ಮಾಡಿದ್ದೂ ಅವರೇ.

ಗುರುವಾರ ಬಂತು ಕಾರ್ಡು.
"ಸೋಮವಾರ ಬರುತ್ತೇನೆ. ಚಿಲಕದ ವಿಷಯ ಹೇಳಿದ್ದಕ್ಕೆ ವಂದನೆ.
ಚಮಚ ನನ್ನದೇ ತರುತ್ತೇನೆ."

ತುಲಿಯೋಗೆ ಓದಿ ಹೇಳಿದೆ.
ಅವನು ಜೇಬು ಮುಟ್ಟಿಕೊಂಡ,
ಕೊಡಬೇಕಾಗಿಲ್ಲವಲ್ಲ ಎಂಬಂತೆ ನಕ್ಕ,
ಖಾಲಿ ಬಟ್ಟಲೊಂದನ್ನು ಎತ್ತಿ
ಮೂಸಿ ನೋಡಿ,
ಮತ್ತೆ ಅಲ್ಲೇ ಇಟ್ಟ.